ಎಚ್‌ಎಂಟಿ ಸೋತಿದ್ದು ‘ಅಪ್‌ಡೇಟ್’ ಆಗದ್ದಕ್ಕಲ್ಲ: ಬಡವನಹಳ್ಳಿಯಿಂದ ಒಂದು ಲೆಕ್ಕ

ನಮ್ಮೂರಿನ ಹೆಸರು ಹೇಳಿದರೆ ಬೆಂಗಳೂರಿನಲ್ಲಿ ಜನ ಒಂದು ಸಲ ನಗುತ್ತಾರೆ. ಬಡವನಹಳ್ಳಿ. ಮಧುಗಿರಿ ತಾಲೂಕು, ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುತ್ತೆ. "ಅಲ್ಲಿ ಎಲ್ಲರೂ ಬಡವರೇನಾ ಗುರೂ?" ಅಂತ ಕಾಲೇಜಿನಲ್ಲಿ ಕೇಳಿಸಿಕೊಂಡು ಸಾಕಾಗಿದೆ. ಈ ಬರಹದ ಮಟ್ಟಿಗೆ ಮಾತ್ರ ಆ ಹೆಸರು ಉಪಯೋಗಕ್ಕೆ ಬರುತ್ತೆ. ನಾನು ಹೇಳಹೊರಟಿರುವುದು ಬಡವರಿಗಾಗಿ, ಜನಸಾಮಾನ್ಯರಿಗಾಗಿ ಅಂತ ಮಾಡಿ ಕೊನೆಗೆ ಸೋತುಹೋದ ವಸ್ತುಗಳ ಬಗ್ಗೆ. ಆ ಸೋಲಿನ ಬಿಲ್ಲು ಯಾರ ಮನೆಗೆ ಬಂತು ಅನ್ನುವುದರ ಬಗ್ಗೆ.

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅಜ್ಜಿಯ ಟ್ರಂಕಿನಲ್ಲಿ ತಾತನ ವಾಚು ಸಿಕ್ಕಿತು. ಎಚ್‌ಎಂಟಿ ಜನತಾ. ಬಿಳಿ ಡಯಲ್ ಹಳದಿ ತಿರುಗಿದೆ, ಬೆಲ್ಟು ಹರಿದಿದೆ. ಸುಮ್ಮನೆ ಕೀ ಕೊಟ್ಟೆ, ಓಡಲು ಶುರುವಾಯಿತು. ಅಜ್ಜಿ ಹೇಳಿದ್ದು: "ಮದ್ವೇಲಿ ನಮ್ಮಪ್ಪ ಕೊಟ್ಟಿದ್ದು ಕಣಪ್ಪ. ವಾಚು, ಉಂಗುರ, ಒಂದು ಸೈಕಲ್ಲು. ವಾಚು ಸಿಗಲಿಲ್ಲ ಅಂತ ನಿಮ್ಮ ತಾತನ ಕಡೆಯೋರು ಮುಖ ಊದಿಸ್ಕೊಂಡಿದ್ರು, ಆಮೇಲೆ ಯಾರನ್ನೋ ಹಿಡಿದು ತುಮಕೂರಿಂದ ತರಿಸಿದ್ರು." ಅಂದರೆ ಆಗ ದುಡ್ಡಿದ್ದರೂ ವಾಚು ಸಿಗುತ್ತಿರಲಿಲ್ಲ. ಯಾರನ್ನೋ ಹಿಡಿಯಬೇಕಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಎಚ್‌ಎಂಟಿ ಮತ್ತೆ ಸುದ್ದಿಯಲ್ಲಿದೆ. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಬೃಹತ್ ಕೈಗಾರಿಕೆ ಸಚಿವರಾದ ಮೇಲೆ ಎಚ್‌ಎಂಟಿಗೆ ಮರುಜೀವ ಕೊಡುವ ಮಾತು ಶುರುವಾಯಿತು. ಅದೇ ವರ್ಷ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಪೀಣ್ಯ ಪ್ಲಾಂಟೇಶನ್ನಿನ ಎಚ್‌ಎಂಟಿ ಜಾಗ ಅರಣ್ಯ ಭೂಮಿ, ವಾಪಸ್ ಪಡೆಯಿರಿ ಅಂತ ಅಧಿಕಾರಿಗಳಿಗೆ ಹೇಳಿದರು. ನವೆಂಬರ್‌ನಲ್ಲಿ ಅದೇ ಜಾಗದಲ್ಲಿ ‘ಟಾಕ್ಸಿಕ್’ ಸಿನಿಮಾ ಸೆಟ್ಟಿಗಾಗಿ ಮರ ಕಡಿದ ಆರೋಪ ಬಂದು ಟ್ರೋಲ್ ಪೇಜುಗಳಿಗೂ ಎಚ್‌ಎಂಟಿ ಅಂದರೆ ಏನು ಅಂತ ಗೊತ್ತಾಯಿತು. ಒಬ್ಬರು ಕಾರ್ಖಾನೆ ಅಂದರು, ಇನ್ನೊಬ್ಬರು ಕಾಡು ಅಂದರು. ಚರ್ಚೆ ಪೂರ್ತಿ ಜಮೀನಿನದು. ವಾಚಿನ ಬಗ್ಗೆ, ಅದು ಯಾಕೆ ಸೋತಿತು ಅನ್ನುವುದರ ಬಗ್ಗೆ ಎರಡೂ ಕಡೆಯವರು ಹೆಚ್ಚೇನೂ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಯಾಕೆ ಸೋತಿತು ಅನ್ನುವುದಕ್ಕೆ ನಮ್ಮ ಬಳಿ ರೆಡಿ ಉತ್ತರ ಒಂದಿದೆ. ರೀಲ್ಸ್‌ನಲ್ಲಿ ನೀವೂ ನೋಡಿರುತ್ತೀರಿ. ನೋಕಿಯಾ, ಕೊಡಾಕ್, ಎಚ್‌ಎಂಟಿ ಮೂರರ ಫೋಟೋ ಹಾಕಿ, ಹಿಂದೆ ಒಂದು ಗಂಭೀರ ಮ್ಯೂಸಿಕ್ ಹಾಕಿ, "ಕಾಲಕ್ಕೆ ತಕ್ಕಂತೆ ಬದಲಾಗದವರು ಔಟ್" ಅನ್ನುವ ವಿಡಿಯೊ. ಕೇಳೋಕೆ ಚೆನ್ನಾಗಿದೆ. ತಪ್ಪು ಅಷ್ಟೇ. ಡಿಜಿಟಲ್ ಕ್ಯಾಮೆರಾ ಮೊದಲು ತಯಾರಾಗಿದ್ದು 1975ರಲ್ಲಿ, ಕೊಡಾಕ್ ಕಂಪನಿಯ ಒಳಗೇ. ಎಚ್‌ಎಂಟಿ ಕತೆಯೂ ಹಾಗೇ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿದ್ದು ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸಲು. ವಾಚು ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಅಲ್ಲಿಯವರೆಗೆ ವಾಚು ಅಂದರೆ ಸ್ವಿಸ್, ಇಲ್ಲವೇ ಕಳ್ಳಸಾಗಣೆಯ ಮಾಲು. ಜಮೀನ್ದಾರನ ಕೈಲಿ, ಡಾಕ್ಟರ ಕೈಲಿ, ಅಮಲ್ದಾರರ ಕೈಲಿ ಮಾತ್ರ ಕಾಣುತ್ತಿದ್ದ ವಸ್ತು. ಜನತಾ, ಪೈಲಟ್, ಕಾಂಚನ, ಕೋಹಿನೂರ್ ಬಂದ ಮೇಲೆ ಮೇಷ್ಟ್ರ ಕೈಗೆ, ಕಂಡಕ್ಟರ್ ಕೈಗೆ, ಮದುವೆ ಗಂಡಿನ ಕೈಗೆ ಇಳಿಯಿತು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು ಅನ್ನುವುದು ಒಂದು ಕರಾರಾಗಿತ್ತು. ಫೇಲಾದವರು ತೋಳು ತುಂಬ ಶರ್ಟು ಹಾಕಿಕೊಂಡು ಓಡಾಡುತ್ತಿದ್ದರು ಅಂತ ನಮ್ಮಪ್ಪ ಇವತ್ತಿಗೂ ನಗುತ್ತಾರೆ.

ಗಮನಿಸಿ, ಅದರ ಹೆಸರೇ ‘ಜನತಾ’. ಆದರೆ ಅದನ್ನು ಯಾರೂ ಬಡವರ ವಾಚು ಅನ್ನಲಿಲ್ಲ. ಅಳಿಯನಿಗೆ ಕೊಡುವ ವಾಚು ಅಂದರು. ವಸ್ತು ಅಗ್ಗವಾಗಿರಲಿ, ಆದರೆ ತೊಟ್ಟವನು ಅಗ್ಗವಾಗಬಾರದು. ಈ ಒಂದು ವಿಷಯ ಅರ್ಥವಾಗದೆ ಆಮೇಲೆ ಎಷ್ಟು ಕೋಟಿ ಮುಳುಗಿದವು ಅನ್ನುವುದನ್ನು ಮುಂದೆ ನೋಡೋಣ.

1970ರ ದಶಕದ ಕೊನೆಗೆ ತುಮಕೂರಿಗೆ ವಾಚ್ ಫ್ಯಾಕ್ಟರಿ ಬಂತು. ಬೆಂಗಳೂರು, ಶ್ರೀನಗರ ಆದಮೇಲೆ ನಮ್ಮ ಜಿಲ್ಲೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಅಂದರೆ ಕಡಲೆಕಾಯಿ, ಹುಣಸೆ ಮರ, ಒಣಗಿದ ಕೆರೆ ಅನ್ನುತ್ತಿದ್ದ ಕಾಲ. ಅಲ್ಲಿಂದ ಎರಡು ಬಸ್ಸಿನ ದೂರದಲ್ಲಿ ಕೇಂದ್ರ ಸರ್ಕಾರದ ಕೆಲಸ, ಕ್ವಾರ್ಟರ್ಸು, ಕ್ಯಾಂಟೀನು. ಎಷ್ಟೋ ಹೆಣ್ಣುಮಕ್ಕಳು ಬಿಳಿ ಕೋಟು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂ ಕೂರಿಸುವ ಕೆಲಸ ಕಲಿತರು. ಹಳ್ಳಿಯಿಂದ ಬಂದ ಒಂದು ತಲೆಮಾರಿಗೆ ಮೈಮುರಿಯದೆ ಸಂಬಳ ಎಣಿಸುವುದು ಅಂದರೆ ಏನು ಅಂತ ಗೊತ್ತಾಗಿದ್ದು ಹೀಗೆ.

ಈಗ ಆ ‘ಅಪ್‌ಡೇಟ್’ ಪ್ರಶ್ನೆಗೆ ಬನ್ನಿ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಿಟ್ಟಿತು. ಕೀ ಕೊಡುವ ಗೋಜಿಲ್ಲ, ಸೆಲ್ ಮೇಲೆ ಓಡುತ್ತೆ, ಟೈಮ್ ತಪ್ಪಲ್ಲ. ಮುಂದಿನ ಹದಿನೈದು ವರ್ಷದಲ್ಲಿ ಸ್ವಿಜರ್ಲೆಂಡಿನ ವಾಚು ಉದ್ಯಮ ಅರ್ಧಕ್ಕಿಂತ ಹೆಚ್ಚು ಉದ್ಯೋಗ ಕಳೆದುಕೊಂಡಿತು. 1983ರಲ್ಲಿ ಸ್ವಾಚ್ ಬಂದು ಪ್ಲಾಸ್ಟಿಕ್ ವಾಚನ್ನು ಫ್ಯಾಶನ್ ಮಾಡಿ ಆ ದೇಶವನ್ನು ಉಳಿಸಿತು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾರತದಲ್ಲಿ ಕ್ವಾರ್ಟ್ಜ್ ವಾಚನ್ನು ಮೊದಲು ತಂದಿದ್ದೇ ಎಚ್‌ಎಂಟಿ, 1980ರ ದಶಕದ ಆರಂಭದಲ್ಲಿ. ಟೈಟಾನ್ ಅನ್ನುವ ಹೆಸರು ಹುಟ್ಟುವುದಕ್ಕೂ ಮೊದಲು. ನಮ್ಮ ತುಮಕೂರು ಫ್ಯಾಕ್ಟರಿಯ ಒಂದು ಭಾಗವನ್ನೇ ಕ್ವಾರ್ಟ್ಜ್ ತಯಾರಿಕೆಗೆ ಬದಲಾಯಿಸಲಾಗಿತ್ತು.

ಅಂದರೆ ತಂತ್ರಜ್ಞಾನ ಕೈಯಲ್ಲೇ ಇತ್ತು. ಆದರೆ ಆ ಮೊದಲ ಕ್ವಾರ್ಟ್ಜ್ ವಾಚುಗಳು ದುಬಾರಿ. ನೋಡೋಕೆ ಹಳೇ ಕೀ ವಾಚಿನ ಹಾಗೇ ಇದ್ದವು. ಸೆಲ್ ಮುಗಿದರೆ ಬಡವನಹಳ್ಳಿಯವನು ಮಧುಗಿರಿಗೋ ತುಮಕೂರಿಗೋ ಹೋಗಬೇಕು. ಕೀ ವಾಚು ನೋಡಿದ್ದ ರಿಪೇರಿಯವನಿಗೆ ಇದರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿಲ್ಲ. ದುಡ್ಡು ಜಾಸ್ತಿ ಕೊಟ್ಟು, ತಲೆನೋವು ಜಾಸ್ತಿ ತಂದುಕೊಳ್ಳೋದು ಯಾಕೆ? ಜನ ಕೊಳ್ಳಲಿಲ್ಲ. ಕಂಪನಿ ಇದರಿಂದ ಎರಡು ಪಾಠ ಕಲಿಯಬಹುದಿತ್ತು. ಒಂದು, ಬೆಲೆ ಇಳಿಸಿ, ಚಂದ ಮಾಡಿ, ಸೆಲ್ ಊರೂರಿಗೆ ತಲುಪಿಸಬೇಕು. ಎರಡು, ಭಾರತೀಯರಿಗೆ ಕ್ವಾರ್ಟ್ಜ್ ಬೇಡ. ಎಚ್‌ಎಂಟಿ ಎರಡನೆಯದನ್ನು ಆರಿಸಿಕೊಂಡ ಹಾಗೆ ನಡೆದುಕೊಂಡಿತು. ಕೀ ವಾಚಿನ ಮೇಲೇ ಭಾರ ಹಾಕಿತು.

ಯಾಕೆ ಹಾಗಾಯಿತು? ಇಲ್ಲಿ ನಮ್ಮಜ್ಜಿಯ ಮಾತು ಬರುತ್ತೆ. ಯಾರನ್ನೋ ಹಿಡಿದು ವಾಚು ತರಿಸಬೇಕಾದ ಕಾಲದಲ್ಲಿ, ಮಾಡಿದ್ದೆಲ್ಲ ಖರ್ಚಾಗುವಾಗ, ಗಿರಾಕಿಗೆ ಏನು ಬೇಕು ಅಂತ ಕೇಳುವ ಅಗತ್ಯವೇ ಕಂಪನಿಗೆ ಬೀಳಲ್ಲ. ಲೈಸೆನ್ಸ್ ಕಾಲದ ಕೊರತೆ ಎಚ್‌ಎಂಟಿಯನ್ನು ಬೆಳೆಸಿತು, ಅದೇ ಕೊರತೆ ಅದರ ಕಿವಿಯನ್ನೂ ಮುಚ್ಚಿತು. ಬಂಡವಾಳ ಹಾಕಬೇಕಾದರೆ ದೆಹಲಿಯ ಸಚಿವಾಲಯದ ಕಡೆ ನೋಡಬೇಕು. ಹೊಸ ಫ್ಯಾಕ್ಟರಿ ಎಲ್ಲಿ ಬರಬೇಕು ಅನ್ನುವುದು ಮಾರುಕಟ್ಟೆಗಿಂತ ಹೆಚ್ಚಾಗಿ ರಾಜಕೀಯದ ಲೆಕ್ಕ. ಐದನೆಯ ವಾಚ್ ಫ್ಯಾಕ್ಟರಿ 1985ರಲ್ಲಿ ಬಂದಿದ್ದು ಹಿಮಾಲಯದ ಬುಡದ ರಾಣಿಬಾಗ್‌ನಲ್ಲಿ, ನೈನಿತಾಲ್ ಜಿಲ್ಲೆ, ಎನ್.ಡಿ. ತಿವಾರಿ ಅವರ ರಾಜಕೀಯ ನೆಲ. ಜಗತ್ತು ಸೆಲ್ ವಾಚಿಗೆ ಹೊರಳಿದ ಹತ್ತು ಹದಿನೈದು ವರ್ಷದ ಮೇಲೆ ಇಷ್ಟು ದೊಡ್ಡ ವಿಸ್ತರಣೆ! ತುಮಕೂರಿಗೆ ಫ್ಯಾಕ್ಟರಿ ಬಂದಿದ್ದರಲ್ಲೂ ರಾಜಕೀಯ ಇದ್ದೇ ಇರುತ್ತೆ, ನಮಗೆ ಸಿಕ್ಕಿತು ಅಂತ ನಾವು ಸುಮ್ಮನಿದ್ದೆವು. ಇದನ್ನೂ ಒಪ್ಪಿಕೊಳ್ಳೋಣ.

ಇನ್ನು ಟೈಟಾನ್. 1984ರಲ್ಲಿ ಸ್ಥಾಪನೆ, ಕಾರ್ಖಾನೆ ಹೊಸೂರಿನಲ್ಲಿ. ನಮ್ಮ ಆನೇಕಲ್ಲಿನ ಗಡಿ ದಾಟಿದರೆ ಸಿಗುವ, ಕನ್ನಡವೂ ಕೇಳಿಸುವ ಹೊಸೂರು. ಝರ್ಕ್ಸಿಸ್ ದೇಸಾಯಿ ಅದರ ಮುಖ್ಯಸ್ಥ. ಎಚ್‌ಎಂಟಿಯಲ್ಲಿ ಪಳಗಿದ ಎಂಜಿನಿಯರುಗಳೂ ಅಲ್ಲಿಗೆ ಹೋದರು. ಅವರು ಶುರುವಿನಿಂದಲೇ ಕ್ವಾರ್ಟ್ಜ್ ಮೇಲೆ ನಿಂತರು, ವಾಚು ಅಂದರೆ ಟೈಮ್ ಅಲ್ಲ, ಒಡವೆ ಅಂದರು. ಗಾಜಿನ ಬಾಗಿಲಿನ ಸ್ವಂತ ಶೋರೂಮು ತೆರೆದರು, ಮೊಜಾರ್ಟ್ ಸಂಗೀತ ಹಾಕಿ ಟಿವಿಯಲ್ಲಿ ಜಾಹೀರಾತು ಕೊಟ್ಟರು. ಎಚ್‌ಎಂಟಿ ವಾಚು ಆ ಹೊತ್ತಿಗೂ ದೂಳು ಹಿಡಿದ ಕಪಾಟಿನಲ್ಲಿ ಕಾಗದದ ಪೆಟ್ಟಿಗೆಯೊಳಗೆ ಕೂತಿತ್ತು. ಹತ್ತು ವರ್ಷದಲ್ಲಿ ಮದುವೆ ಗಂಡಿನ ಕೈ ಬದಲಾಯಿತು.

ಇಷ್ಟು ಹೇಳಿದ ತಕ್ಷಣ ವಾಟ್ಸಾಪ್ ಮಾವಂದಿರು ಎದ್ದು ನಿಲ್ಲುತ್ತಾರೆ: "ಅದಕ್ಕೇ ಹೇಳೋದು, ಸರ್ಕಾರಕ್ಕೆ ವ್ಯಾಪಾರ ಬರಲ್ಲ, ಎಲ್ಲ ಪ್ರೈವೇಟ್ ಮಾಡಿ." ಮಾವಾ, ಸ್ವಲ್ಪ ಕೂತ್ಕೊಳ್ಳಿ. ಟೈಟಾನ್ ಕಂಪನಿಯಲ್ಲಿ ಅತಿ ಹೆಚ್ಚು ಷೇರು ಇರುವುದು ಯಾರದ್ದು ಗೊತ್ತಾ? ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದ್ದು. ಟಿಡ್ಕೋ ಅಂತಾರೆ. ಸುಮಾರು ಶೇ. 28. ಟಾಟಾ ಬಳಗದ್ದು ಅದಕ್ಕಿಂತ ಕಡಿಮೆ. ಅಂದರೆ ಎಚ್‌ಎಂಟಿಯನ್ನು ಸೋಲಿಸಿದ ಕಂಪನಿಯಲ್ಲೂ ಸರ್ಕಾರದ ದುಡ್ಡಿದೆ. ವ್ಯತ್ಯಾಸ ಇರುವುದು ಮಾಲೀಕತ್ವದಲ್ಲಲ್ಲ, ದಿನನಿತ್ಯದ ತೀರ್ಮಾನ ಯಾರು ಮಾಡುತ್ತಾರೆ ಅನ್ನುವುದರಲ್ಲಿ. ತಮಿಳುನಾಡು ದುಡ್ಡು ಹಾಕಿತು, ಜಾಗ ಕೊಟ್ಟಿತು, ಪಾಲು ಉಳಿಸಿಕೊಂಡಿತು, ಡಯಲ್ ಯಾವ ಬಣ್ಣ ಇರಬೇಕು ಅಂತ ಹೇಳಲು ಹೋಗಲಿಲ್ಲ. ಅದರ ಲಾಭ ಇವತ್ತಿಗೂ ಆ ರಾಜ್ಯದ ಖಜಾನೆಗೆ ಬರುತ್ತಿದೆ. ಹಾಗಂತ ಟೈಟಾನ್ ಸೋತೇ ಇಲ್ಲ ಅಂತಲ್ಲ. 1990ರ ದಶಕದಲ್ಲಿ ಯುರೋಪಿಗೆ ವಾಚು ಮಾರಲು ಹೋಗಿ ಚೆನ್ನಾಗಿ ಕೈ ಸುಟ್ಟುಕೊಂಡಿತು. ಆದರೆ ಆ ಸೋಲಿನಿಂದ ಹೊಸೂರು ಮುಚ್ಚಲಿಲ್ಲ.

ತುಮಕೂರು ಮುಚ್ಚಿತು. 2012–13ರಲ್ಲಿ ಎಚ್‌ಎಂಟಿ ವಾಚಸ್‌ನ ಮಾರಾಟ ಸುಮಾರು 11 ಕೋಟಿ ರೂಪಾಯಿ, ನಷ್ಟ ಸುಮಾರು 242 ಕೋಟಿ. ಹನ್ನೊಂದು ರೂಪಾಯಿ ವ್ಯಾಪಾರಕ್ಕೆ ಇನ್ನೂರ ನಲವತ್ತೆರಡು ರೂಪಾಯಿ ನಷ್ಟ. ಇದು ವಾಚು ಮಾರಿ ಬಂದ ನಷ್ಟ ಅಲ್ಲ ಅಂತ ಲೆಕ್ಕ ಬಾರದವರಿಗೂ ಗೊತ್ತಾಗುತ್ತೆ, ವರ್ಷ ವರ್ಷ ತಳ್ಳಿಕೊಂಡು ಬಂದ ಸಾಲ, ಬಡ್ಡಿ, ಬಾಕಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟದ ಆರ್ಥಿಕ ಸಮಿತಿ ಎಚ್‌ಎಂಟಿ ವಾಚಸ್, ಶ್ರೀನಗರದ ಚಿನಾರ್ ವಾಚಸ್, ಎಚ್‌ಎಂಟಿ ಬೇರಿಂಗ್ಸ್ ಮೂರನ್ನೂ ಮುಚ್ಚಲು ಒಪ್ಪಿತು. ಉಳಿದಿದ್ದ ಸುಮಾರು ಸಾವಿರ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ. 2016ರಲ್ಲಿ ಮನೆಗೆ ಹೋಗುವವನಿಗೆ 2007ರ ಸಂಬಳದ ಲೆಕ್ಕ! ಅದೂ ಉದಾರತೆ ಅಂತಲೇ ಪತ್ರಿಕಾ ಪ್ರಕಟಣೆಯಲ್ಲಿ ಬಂತು.

ಮುಚ್ಚುವ ಸುದ್ದಿ ಹೊರಬೀಳುತ್ತಿದ್ದಂತೆ ಏನಾಯಿತು ಗೊತ್ತಾ? ಹಳೇ ಎಚ್‌ಎಂಟಿ ವಾಚುಗಳ ಬೆಲೆ ಆನ್‌ಲೈನಿನಲ್ಲಿ ಏರಿತು. ಪೈಲಟ್, ಜನತಾ, ಕಾಂಚನ ಎಲ್ಲ ‘ವಿಂಟೇಜ್’ ಆದವು. ಕಂಪನಿ ಇದ್ದಾಗ ಕೊಳ್ಳದವರು ಸತ್ತ ಮೇಲೆ ಸಾಲುಗಟ್ಟಿ ನಿಂತರು. ಇವತ್ತೂ ಎಚ್‌ಎಂಟಿ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸ್ವಲ್ಪ ವಾಚು ಜೋಡಿಸಿ ಮಾರುತ್ತಾರೆ, ಜಾಲಹಳ್ಳಿಯಲ್ಲಿ ಹೆರಿಟೇಜ್ ಮ್ಯೂಸಿಯಂ ಇದೆ, ಟಿಕೆಟ್ ತೆಗೆದುಕೊಂಡು ನೋಡಬಹುದು. ತುಮಕೂರಿನ ಆವರಣ ಇಸ್ರೋ ಕೈಗೆ ಹೋಯಿತು. ಇದು ಒಳ್ಳೆಯ ಸುದ್ದಿಯೇ, ಜಾಗ ಅಪಾರ್ಟ್‌ಮೆಂಟ್ ಆಗಲಿಲ್ಲವಲ್ಲ. ಆದರೆ ಸಾಸಿವೆ ಕಾಳಿನಷ್ಟು ಸ್ಕ್ರೂ ಕೂರಿಸುವ ಕೈಗಳು ಎಲ್ಲಿ ಹೋದವು ಅಂತ ಯಾವ ಮ್ಯೂಸಿಯಂನಲ್ಲೂ ಬರೆದಿಲ್ಲ.

ಎಚ್‌ಎಂಟಿ ಒಂದನ್ನೇ ಹಿಡಿದುಕೊಂಡರೆ ಇದು ಸರ್ಕಾರಿ ಕಂಪನಿಯ ಕತೆ ಆಗಿಬಿಡುತ್ತೆ. ಹಾಗಾಗಿ ಇನ್ನೊಂದು ವಸ್ತು. ನಿಮ್ಮಲ್ಲಿ ಎಷ್ಟು ಜನ ‘ಸಿಂಪ್ಯೂಟರ್’ ಹೆಸರು ಕೇಳಿದ್ದೀರಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಮಾಡಿದ ಅಂಗೈ ಅಗಲದ ಕಂಪ್ಯೂಟರ್. 2001ರಲ್ಲಿ ಜಗತ್ತಿಗೆ ತೋರಿಸಿದರು. ಮುಟ್ಟಿದರೆ ಕೆಲಸ ಮಾಡುವ ಪರದೆ, ಲಿನಕ್ಸ್, ಓದಲು ಬಾರದವರಿಗೆ ಅವರ ಭಾಷೆಯಲ್ಲೇ ಓದಿ ಹೇಳುವ ತಂತ್ರಾಂಶ. ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್, ಹಾಕಿದರೆ ಅವರವರ ವಿವರ ತೆರೆದುಕೊಳ್ಳುತ್ತೆ ಅನ್ನುವ ಯೋಚನೆ. ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಅದನ್ನು ಹೊಗಳಿ ಬರೆದರು. ಐಫೋನ್ ಬರಲು ಇನ್ನೂ ಆರು ವರ್ಷ ಇತ್ತು.

ಅಂದರೆ ಇದು ಅಕ್ಷರಶಃ ಬಡವನಹಳ್ಳಿಗೆ ಅಂತಲೇ ಮಾಡಿದ ಕಂಪ್ಯೂಟರ್. ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಸ್ವಲ್ಪ ಬಳಸಿತು. 2004ರ ಮಾರ್ಚ್‌ನಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಹತ್ತು ಸಾವಿರ ರೂಪಾಯಿ ಆಸುಪಾಸಿನಿಂದ ಶುರುವಾಗುವ ಬೆಲೆಗೆ ಅಂಗಡಿಗೆ ಬಂತು. ಫೋನನ್ನು ವಾಲಿಸಿದರೆ ಪರದೆ ತಿರುಗುವುದು ನಮಗೆ ಇವತ್ತು ಮಾಮೂಲಿ. ವಾಲಿಸುವುದನ್ನು ಗುರುತಿಸುವ ಅಂಥ ಸೌಲಭ್ಯ ಅದರಲ್ಲಿ ಆಗಲೇ ಇತ್ತು. ಲಕ್ಷಗಟ್ಟಲೆ ಮಾರುವ ಕನಸಿತ್ತು. ಮಾರಿದ್ದು ಕೆಲವೇ ಸಾವಿರ.

ನಮ್ಮೂರಲ್ಲಿ ಆ ವರ್ಷ ಏನು ನಡೀತಿತ್ತು ಅಂತ ನೆನಪು ಮಾಡಿಕೊಂಡರೆ ಕಾರಣ ಕಾಣುತ್ತೆ. ಬಸ್ ಸ್ಟಾಂಡಿನಲ್ಲಿ ಒಂದು ರೂಪಾಯಿ ಕಾಯಿನ್ ಬೂತು, ಅದರ ಮುಂದೆ ಸಾಲು. ಅಷ್ಟರಲ್ಲಿ ರಿಲಯನ್ಸ್ 2003ರಲ್ಲಿ ‘ಮಾನ್ಸೂನ್ ಹಂಗಾಮಾ’ ಅಂತ ಶುರುವಿಗೆ 501 ರೂಪಾಯಿ ಕಟ್ಟಿಸಿಕೊಂಡು ಮೊಬೈಲ್ ಕೊಟ್ಟಿತು, ಇನ್‌ಕಮಿಂಗ್ ಕಾಲ್ ಉಚಿತ ಆಯಿತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋದ ಮಗಳ ದನಿ ಕೇಳಬೇಕು ಅನ್ನುವುದು ನಮ್ಮವರ ತುರ್ತಾಗಿತ್ತು. ಸಿಂಪ್ಯೂಟರ್ ಮಾಹಿತಿ ಕೊಡ್ತೀನಿ ಅಂದಿತು. ಜನ, ಮಾತಾಡಬೇಕು ಅಂದರು. ಮಾಹಿತಿ ಬೇಕು ಅಂತ ಯಾರು ಹೇಳಿದ್ದು? ಬಡವರಿಗೆ ಮಾಹಿತಿ ಕೊಟ್ಟರೆ ಉದ್ಧಾರ ಆಗ್ತಾರೆ ಅಂತ ನಂಬಿದ್ದ ಒಳ್ಳೆಯ ಮನಸ್ಸಿನ ದೊಡ್ಡವರು. ನಾನು ವ್ಯಂಗ್ಯ ಮಾಡುತ್ತಿಲ್ಲ, ನಿಜಕ್ಕೂ ಒಳ್ಳೆಯ ಮನಸ್ಸಿನವರು, ಅಸಾಧ್ಯ ಬುದ್ಧಿವಂತರು. ಮತ್ತೆ, ಊರಿಗೆ ಒಂದೇ ಯಂತ್ರ ಅಂದರೆ ಅದು ಯಾರ ಮನೆಯಲ್ಲಿ ಇರುತ್ತೆ? ಗೌಡರ ಮನೆಯಲ್ಲಿ. ಕಾಲೋನಿಯ ಹೆಣ್ಣುಮಗಳು ತನ್ನ ಕಾರ್ಡ್ ಹಿಡಿದು ಆ ಜಗಲಿ ಹತ್ತಲು ಆಗುತ್ತಾ? ಈ ಪ್ರಶ್ನೆಗೆ ಲಿನಕ್ಸ್‌ನಲ್ಲಿ ಉತ್ತರ ಇರಲಿಲ್ಲ. ಮೊಬೈಲು ಗೆದ್ದಿದ್ದು ಅಗ್ಗ ಅಂತ ಮಾತ್ರ ಅಲ್ಲ, ಅದು ಅವಳದ್ದೇ ಸ್ವಂತದ್ದು ಅಂತಲೂ ಹೌದು.

ಟಾಟಾ ನ್ಯಾನೋ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಲಕ್ಷದ ಕಾರು ಅಂತ 2008ರಲ್ಲಿ ಘೋಷಿಸಿ, 2009ರಲ್ಲಿ ರಸ್ತೆಗಿಳಿಸಿ, 2018ರ ಹೊತ್ತಿಗೆ ನಿಲ್ಲಿಸಿದರು. ಅತಿ ಅಗ್ಗದ ಕಾರು ಅಂತ ಬಿಂಬಿಸಿದ್ದೇ ತಪ್ಪಾಯಿತು ಅಂತ ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಬಡವರ ಕಾರು ಅಂತ ಹಣೆಪಟ್ಟಿ ಕಟ್ಟಿದರೆ ಬಡವನಹಳ್ಳಿಯವನೂ ಕೊಳ್ಳಲ್ಲ ಸ್ವಾಮಿ. ಅವನು ಮೂರು ವರ್ಷ ಕಾದು ಸೆಕೆಂಡ್ ಹ್ಯಾಂಡ್ ಮಾರುತಿ ತರುತ್ತಾನೆ, ಮನೆ ಮುಂದೆ ನಿಲ್ಲಿಸಿ ನಿಂಬೆಹಣ್ಣು ಹತ್ತಿಸುತ್ತಾನೆ. ಇದನ್ನು ‘ಜನತಾ’ ವಾಚು ಮಾಡಿದವರು 1961ರಲ್ಲಿ ತಿಳಿದೋ ತಿಳಿಯದೆಯೋ ಸರಿಯಾಗಿ ಮಾಡಿದ್ದರು.

ಹಾಗಾದರೆ ಇವತ್ತಿನ ಪ್ರಶ್ನೆ ಏನು? ತುಮಕೂರು ಜಿಲ್ಲೆಗೆ ಮತ್ತೆ ಫ್ಯಾಕ್ಟರಿಗಳ ಕಾಲ ಬಂದಿದೆ. 2023ರ ಫೆಬ್ರವರಿ 6ರಂದು ಪ್ರಧಾನಿ ಮೋದಿ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರು, 615 ಎಕರೆ. ಅದೇ ದಿನ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಅಡಿಗಲ್ಲು ಹಾಕಿದರು, ಚೆನ್ನೈ–ಬೆಂಗಳೂರು ಕಾರಿಡಾರ್‌ನ ಭಾಗವಾಗಿ, ಮೂರು ಹಂತ ಸೇರಿ 8,484 ಎಕರೆ. ಅದಕ್ಕೂ ಮೊದಲು, 2014ರಲ್ಲಿ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದ್ದರು. ಇಷ್ಟು ಸಾವಿರ ಎಕರೆ ಕೊಡುವಾಗ ನಮ್ಮ ಕಡೆಯಿಂದ ಹೋಗುತ್ತಿರುವ ಪ್ರಶ್ನೆ ಒಂದೇ: ಎಷ್ಟು ಜನಕ್ಕೆ ಕೆಲಸ ಸಿಗುತ್ತೆ? ನಮ್ಮ ಶಾಸಕರು ಅದನ್ನೇ ಹೇಳ್ತಾರೆ, ಸಂಸದರು ಅದನ್ನೇ ಹೇಳ್ತಾರೆ, ಫ್ಲೆಕ್ಸ್‌ನಲ್ಲೂ ಅದೇ. ಮಾಡುವ ವಸ್ತು ಸೋತರೆ ಏನು ಗತಿ ಅಂತ ಯಾರೂ ಕೇಳುತ್ತಿಲ್ಲ. ಕೇಳಿದರೆ ಅಪಶಕುನ ನುಡಿದ ಹಾಗೆ ನೋಡುತ್ತಾರೆ. ಆದರೆ ವಸ್ತು ಸೋಲುವುದು ಅಪರೂಪ ಅಲ್ಲ. ಕೋಕಾ ಕೋಲಾದಂಥ ಕಂಪನಿಯೇ 1985ರಲ್ಲಿ ರುಚಿ ಬದಲಿಸಿ, ಜನ ಬೈದರು ಅಂತ 79 ದಿನಕ್ಕೆ ಹಳೇ ರುಚಿ ವಾಪಸ್ ತಂದಿತು. ಅವರಿಗೆ ಹಿಂದೆ ಬರಲು ದಾರಿ ಇತ್ತು. ನೆಲ ಬಿಟ್ಟುಕೊಟ್ಟ ರೈತನಿಗೆ ಯಾವ ದಾರಿ ಇದೆ?

ಇದಕ್ಕೆ ಅರ್ಧ ಉತ್ತರ ನಮ್ಮ ಪಕ್ಕದ ಪಾವಗಡದಲ್ಲೇ ಇದೆ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದಾಗ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ನಾಳೆ ಸೋಲಾರ್‌ಗಿಂತ ಅಗ್ಗದ್ದು ಏನೋ ಬಂದು ಆ ಪ್ಯಾನೆಲ್‌ಗಳೆಲ್ಲ ಗುಜರಿ ಆದರೂ ಪಹಣಿಯಲ್ಲಿ ರೈತನ ಹೆಸರೇ ಇರುತ್ತೆ. ಇದನ್ನು ಅರ್ಧ ಉತ್ತರ ಅಂದಿದ್ದು ಯಾಕೆಂದರೆ, ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಆ ಗುತ್ತಿಗೆಯಲ್ಲಿ ಒಂದು ಪೈಸೆಯೂ ಬರಲ್ಲ. ಅವರ ಕಳೆ ಕೀಳುವ ಕೆಲಸ, ಕಡಲೆಕಾಯಿ ಬಿಡಿಸುವ ಕೆಲಸ ಪ್ಯಾನೆಲ್ ಕೆಳಗೆ ಹೋಯಿತು. ಆದರೂ ತುಮಕೂರಿನ ಎಚ್‌ಎಂಟಿಗೆ ಹೋಲಿಸಿದರೆ, ಸೋತಾಗ ನೆಲ ಯಾರಿಗೆ ವಾಪಸ್ ಅನ್ನುವ ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದು ಪಾವಗಡದಲ್ಲಿ.

ಹಾಗಾಗಿ ಎಚ್‌ಎಂಟಿ ಉಳಿಸಿ ಅಂತ ಯಾರಾದರೂ ಬಂದರೆ ನಾನು ಸಹಿ ಹಾಕುವ ಮುಂಚೆ ಮೂರು ವಿಷಯ ಕೇಳುತ್ತೇನೆ. ಏನು ಮಾಡ್ತೀರಿ, ಅದು ಬೇಕು ಅಂತ ಯಾರನ್ನು ಕೇಳಿದಿರಿ? ಈ ತೀರ್ಮಾನ ಮಾಡುವವರು ಕಾರ್ಖಾನೆಯಲ್ಲಿದ್ದಾರಾ, ದೆಹಲಿಯಲ್ಲಿದ್ದಾರಾ? ಮುಳುಗಿದರೆ ಮೊದಲು ಯಾರ ಬಾಕಿ ತೀರಿಸ್ತೀರಿ, ಬ್ಯಾಂಕಿನದ್ದೋ ನೌಕರರದ್ದೋ? ಅರಣ್ಯ ಉಳಿಸಿ ಅಂತ ಬಂದವರಿಗೂ ಒಂದು ಪ್ರಶ್ನೆ ಇದೆ. ಎಚ್‌ಎಂಟಿ ಆ ಜಾಗವನ್ನು ತುಂಡು ತುಂಡಾಗಿ ಬೇರೆ ಬೇರೆಯವರಿಗೆ ಮಾರುತ್ತಿದ್ದ ವರ್ಷಗಳಲ್ಲಿ ಎಲ್ಲ ಪಕ್ಷಗಳ ಸರ್ಕಾರವೂ ಬಂದುಹೋಗಿತ್ತು, ಆಗ ಈ ಕಾಡು ಯಾರ ಕಣ್ಣಿಗೂ ಕಾಣಲಿಲ್ಲವೇ?

ನನ್ನ ಚಿಕ್ಕಪ್ಪನ ಮಗ ಐಟಿಐ ಮುಗಿಸಿ ವಸಂತನರಸಾಪುರದ ಕಡೆ ಒಂದು ಕಂಪನಿಗೆ ಹೋಗುತ್ತಿದ್ದಾನೆ. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು. ಹಬ್ಬದ ದಿನ ಅವನ ಕೈಗೆ ತಾತನ ವಾಚು ಕೊಟ್ಟು ನೋಡೋ ಅಂದೆ. ಕಿವಿಗೆ ಹಿಡಿದು ಕೇಳಿದ, ಅವನ ಕೈಲಿದ್ದ ಸ್ಮಾರ್ಟ್‌ವಾಚಿನ ಪಕ್ಕ ಇಟ್ಟು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ. "ನಿಮ್ಮ ಕಂಪನೀಲಿ ಏನು ಮಾಡ್ತಾರೋ?" ಅಂದೆ. "ಯಾವ್ದೋ ಪಾರ್ಟು ಕಣಣ್ಣ. ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ನಂದು ಕಾಂಟ್ರಾಕ್ಟು, ಹನ್ನೊಂದು ತಿಂಗಳು."